ಬಂದರಿಲ್ಲದ ಕಡೆ ಕಸ್ಟಮ್ಸ್ ಬ್ರೋಕರ್‌ಗೆ ಕೆಲಸ ಇದೆಯಾ?

ಪ್ರಶ್ನೆ: ಕಸ್ಟಮ್ಸ್ ಬ್ರೋಕರ್ (ಆಮದು-ರಫ್ತು ಸರಕಿನ ಸುಂಕದ ಕಾಗದಪತ್ರ ಮಾಡಿಸಿ ಸರಕು ಬಿಡಿಸಿಕೊಡುವವರು) ಆಗುವ ಆಸೆ. ನಮ್ಮ ಕಡೆ ಸಮುದ್ರವೇ ಇಲ್ಲ. ಕೆಲಸ ಸಿಗುತ್ತಾ?

ಉತ್ತರ: ಸಮುದ್ರ ಇಲ್ಲ ಅಂತ ಸುಮ್ನೆ ಕೈಬಿಡಬೇಡಿ. ವಿಮಾನ ನಿಲ್ದಾಣದ ಕಾರ್ಗೋ, ಒಳನಾಡಿನ ಕಂಟೇನರ್ ಡಿಪೊ, ಗಡಿ ಚೆಕ್‌ಪೋಸ್ಟ್ ಇರುವಲ್ಲೂ ಬ್ರೋಕರ್ ಬೇಕು. ಹಡಗಿನ ಏಜೆಂಟ್ ಆಗುವುದಾದರೆ ಮಾತ್ರ ಬಂದರೇ ಗತಿ.

ಕಾಗದಪತ್ರ ಆನ್‌ಲೈನ್ ಆದಲ್ಲೆಲ್ಲ ಬರೀ ಫೈಲ್ ಹಿಡಿದು ಓಡುವವರನ್ನು ಕೇಳುವವರು ಕಮ್ಮಿ. ಸರಕಿಗೆ ಸರಿಯಾದ ಎಚ್‌ಎಸ್ ಕೋಡ್ (ಯಾವ ಬಗೆಯ ಸರಕು ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹಾಕಬಲ್ಲವರಿಗೆ ಬೇಡಿಕೆ ಜಾಸ್ತಿ. 1988ರಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ 6 ಅಂಕಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ. ಹಾಗಾಗಿ ಕಲಿತದ್ದು ಊರು ಬದಲಿಸಿದರೂ ಜೊತೆಗೆ ಬರುತ್ತೆ, ಅಲ್ವಾ?

ನಾನು ಹೊಸಬನಾಗಿದ್ದಾಗ ಮನೆಬಳಕೆಯ ಪ್ಲಾಸ್ಟಿಕ್ ಬಕೆಟ್‌ಗೆ ಕೋಡ್‌ನ ಮೊದಲ ನಾಲ್ಕು ಅಂಕಿ 3924 ಬಿಟ್ಟು 3926 ಬರೆದಿದ್ದೆ. ಕಂಟೇನರ್ 9 ದಿನ ಕದಲಲಿಲ್ಲ. ಡೆಮರೇಜ್ (ಕಂಟೇನರ್ ಬಿಡಿಸಲು ತಡವಾದದ್ದಕ್ಕೆ ಕಟ್ಟುವ ಶುಲ್ಕ) ಬಿಲ್ ನೋಡಿದ ಮಾಲೀಕರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.