ಮೈಸೂರಿನ ಹಳೇ ಮನೆಗೆ ಡಿಸೈನ್ ಸ್ಕರ್ಟಿಂಗ್ ಹಾಕಿಸಬೇಕು, ಯಾವುದು ಒಳ್ಳೇದು?

ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆ, ನೆಲಕ್ಕೆ ಹೊಸ ಟೈಲ್ಸ್, ಜೊತೆಗೆ ಗೋಡೆಯ ಬುಡದುದ್ದಕ್ಕೂ ಸ್ಕರ್ಟಿಂಗ್ ಪಟ್ಟಿ ಹಾಕಿಸ್ತಿದ್ದೀವಿ ಅಂದಿದ್ದೀರಿ. ಅಂಗಡಿಯವರು ಬಿಳಿ ಎಂಡಿಎಫ್ ಪಟ್ಟಿ ತೋರಿಸಿದ್ದಾರೆ, ಮೇಸ್ತ್ರಿ ಮಾತ್ರ ಟೈಲ್ಸನ್ನೇ ಕತ್ತರಿಸಿ ಹಾಕೋಣ ಅಂತಿದ್ದಾರೆ, ಯಾರ ಮಾತು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ. ಅದಕ್ಕೂ ಮೊದಲು ಗೋಡೆಯ ಬುಡ ಒಣಗಿದೆಯೋ ಇಲ್ಲವೋ ನೋಡಿಕೊಳ್ಳಿ. ಯಾವುದು ಹಾಕಿಸಬೇಕು ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗುತ್ತೆ.

ಕುವೆಂಪುನಗರದ ನಮ್ಮ ಮನೆ ರಿಪೇರಿ ಮಾಡಿಸಿದಾಗ ನಾನು ಎಂಡಿಎಫ್‌ಗೇ ಮನಸೋತಿದ್ದೆ. ಐದು ಇಂಚಿನ ಬಿಳಿ ಪಟ್ಟಿ, ಮೇಲ್ಗಡೆ ಎರಡು ಗೀರು, ಹಾಲ್‌ಗೆ ಬಹಳ ಚೆಂದ ಕಾಣ್ತಿತ್ತು. ಆದರೆ ನಮ್ಮದು ದಿನಾ ನೀರು ಹಾಕಿ ಒರೆಸೋ ಮನೆ. ಗೌರಿ ಹಬ್ಬಕ್ಕೆ ಮುಂಚೆ ಬಕೆಟ್‌ಗಟ್ಟಲೆ ನೀರು ಹೊಯ್ದು ತೊಳೀತೀವಿ. ಒಂದು ಮಳೆಗಾಲ ಕಳೆಯೋ ಹೊತ್ತಿಗೆ ವಾಶ್‌ಬೇಸಿನ್ ಪಕ್ಕದ ಪಟ್ಟಿಯ ಕೆಳಗಿನ ಅಂಚು ಉಬ್ಬಿತು. ಬೆರಳಿಂದ ಒತ್ತಿದರೆ ಪೇಂಟ್ ಬಿರುಕು ಬಿಟ್ಟು, ಒಳಗೆಲ್ಲ ನೆನೆದ ರಟ್ಟಿನ ಹಾಗೆ ಮೆತ್ತಗಾಗಿತ್ತು. ಎಂಡಿಎಫ್ ಅಂದರೆ ಮರದ ನಾರನ್ನ ಅಂಟು ಹಾಕಿ ಒತ್ತಿದ ಹಲಗೆ. ಒಮ್ಮೆ ನೀರು ಕುಡಿದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರಲ್ಲ. ಅದೂ ಅಲ್ಲದೆ, ನೆಲಕ್ಕೆ ತಾಗೋ ಕತ್ತರಿಸಿದ ಅಂಚಿಗೆ ಯಾರೂ ಪೇಂಟ್ ಹೊಡೆದಿರಲ್ಲ. ಅಷ್ಟೂ ಕಿತ್ತು ಹಾಕಿಸಿದೆ.

ಇನ್ನು ಗೋಡೆಯ ವಿಷಯ. ಹಳೇ ಮನೆಗಳಲ್ಲಿ ಪಾಯದಿಂದ ತೇವ ಇಟ್ಟಿಗೆಯ ಮೂಲಕ ಮೇಲೆ ಏರುತ್ತೆ. ಗೋಡೆಯ ಬುಡದಲ್ಲಿ ಬಣ್ಣ ಪುಡಿಪುಡಿಯಾಗಿ ಉದುರುತ್ತಾ, ಬೆಳ್ಳಗೆ ಉಪ್ಪು ಬಿಟ್ಟಿದೆಯಾ ನೋಡಿ. ಸಂಶಯ ಇದ್ದರೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನ ಗೋಡೆಯ ಬುಡಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ತೆಗೀರಿ. ಗೋಡೆ ಕಡೆಯ ಮೈಗೆ ನೀರಿನ ಹನಿ ಕೂತಿದ್ದರೆ ತೇವ ಒಳಗಿಂದಲೇ ಬರ್ತಿದೆ. ಆಗ ಯಾವ ಸ್ಕರ್ಟಿಂಗ್ ಹಾಕಿದರೂ ಅದು ಕಾಯಿಲೆ ಮುಚ್ಚಿಟ್ಟ ಹಾಗೆ. ತೇವ ಪಟ್ಟಿಯ ಹಿಂದೆಯೇ ಏರಿ, ಅದರ ಮೇಲ್ಗಡೆ ಕಾಣಿಸಿಕೊಳ್ಳುತ್ತೆ. ಮೊದಲು ಅದನ್ನ ಸರಿ ಮಾಡಿಸಿ, ಗೋಡೆ ಒಣಗೋಕೆ ಟೈಮ್ ಕೊಡಿ.

ನಮ್ಮೂರು ಮಂಡ್ಯ ಕಡೆ, ವಿಶ್ವೇಶ್ವರಯ್ಯ ನಾಲೆ ಬಯಲು. ಸುತ್ತ ಗದ್ದೆ, ಮನೆಯ ಗೋಡೆ ಯಾವಾಗಲೂ ತಣ್ಣಗೇ ಇರ್ತಿತ್ತು. ಅಜ್ಜಿ ಹಬ್ಬಕ್ಕೆ ಸುಣ್ಣ ಬಳಿದ ಮೇಲೆ ಗೋಡೆಯ ಬುಡಕ್ಕೆ ಗೇಣಗಲ ಕೆಮ್ಮಣ್ಣಿನ ಕಾರಣೆ ಎಳೀತಿದ್ದರು. ಸಾರಿಸುವಾಗ ಸಗಣಿ ನೀರು ಸಿಡಿದರೂ ಗೋಡೆ ಕೊಳೆ ಕಾಣಬಾರದು ಅಂತ. ಮೈಸೂರಿನ ಹಳೇ ರೆಡ್ ಆಕ್ಸೈಡ್ ನೆಲದಲ್ಲೂ ಇದೇ ಲೆಕ್ಕ. ನೆಲದ ಗಾರೆಯನ್ನೇ ಗೋಡೆ ಮೇಲಕ್ಕೆ ನಾಲ್ಕೈದು ಇಂಚು ಎಳೆದು, ಮೂಲೆಯನ್ನ ದುಂಡಗೆ ಉಜ್ಜಿರ್ತಾರೆ. ನೀರು ನುಗ್ಗೋಕೆ ಸಂದೇ ಇಲ್ಲ. ನಿಮ್ಮ ಮನೆಯ ಯಾವ ರೂಮಲ್ಲಾದರೂ ಅಂಥ ನೆಲ ಚೆನ್ನಾಗಿ ಉಳಿದಿದ್ದರೆ ದಯವಿಟ್ಟು ಒಡೆಸಬೇಡಿ. ಇವತ್ತು ಆ ಕೈಕೆಲಸದವರು ಸಿಗೋದು ಕಷ್ಟ.

ಉಳಿದ ಕಡೆಗೆ ನನ್ನ ಸಲಹೆ ಇಷ್ಟು. ಅಡುಗೆಮನೆ, ಊಟದ ಜಾಗ, ಬಾತ್‌ರೂಮ್ ಬಾಗಿಲ ಆಸುಪಾಸಿಗೆ ಟೈಲ್ಸ್ ಅಥವಾ ಗ್ರಾನೈಟ್, ಬೇರೆ ಯೋಚನೆಯೇ ಬೇಡ. ಹಾಲ್‌ಗೆ ಅಲಂಕಾರ ಬೇಕೇ ಬೇಕು ಅಂದರೆ, ತಿಳಿ ಬಣ್ಣದ ನೆಲಕ್ಕೆ ಚಾಮರಾಜನಗರದ ಕಪ್ಪು ಗ್ರಾನೈಟಿನ ನಾಲ್ಕಿಂಚು ಪಟ್ಟಿ, ಮೇಲಿನ ಅಂಚು ಹಾಫ್ ರೌಂಡ್ ಮಾಡಿ ಪಾಲಿಶ್. ನಾನು ಕೊನೆಗೆ ಹಾಕಿಸಿದ್ದು ಇದನ್ನೇ. ನೆಲದ ಸುತ್ತ ಕಾಡಿಗೆ ತೀಡಿದ ಹಾಗೆ ಕಾಣುತ್ತೆ. ಬಿಳಿ ಗೀರಿನ ಡಿಸೈನೇ ಇಷ್ಟ ಆದರೆ ಎಂಡಿಎಫ್ ಬಿಟ್ಟು ಪಿವಿಸಿ ಅಥವಾ ಪಾಲಿಸ್ಟೈರೀನ್ ಪಟ್ಟಿ ಕೇಳಿ. ಅವು ನೀರಿಗೂ ಗೆದ್ದಲಿಗೂ ಹೆದರಲ್ಲ. ಆದರೆ ಹಳೇ ಗೋಡೆ ನೇರ ಇರಲ್ಲ. ಉದ್ದ ಪಟ್ಟಿ ಇಟ್ಟರೆ ಹಿಂದೆ ಸಂದು ಬೀಳುತ್ತೆ, ಅಲ್ಲಿ ಇರುವೆ ಸಂಸಾರ ಹೂಡುತ್ತೆ. ಆರಡಿ ಅಲ್ಯೂಮಿನಿಯಂ ಪಟ್ಟಿ ಹಿಡಿದು ಗೋಡೆ ನೋಡಿ, ಬೆರಳು ತೂರೋವಷ್ಟು ಸಂದಿದ್ದರೆ ಮೊದಲು ಗಾರೆ ಸಮ ಮಾಡಿಸಿ.

ಎತ್ತರ: ಹತ್ತಡಿ ಗೋಡೆಗೆ ನಾಲ್ಕಿಂಚು ಸಾಕು, ಹನ್ನೆರಡಡಿ ಮೇಲಿದ್ದರೆ ಆರು ಇಂಚು ಒಪ್ಪುತ್ತೆ. ಪಟ್ಟಿಯ ದಪ್ಪ, ಬಾಗಿಲ ಚೌಕಟ್ಟಿಗಿಂತ ಆಚೆ ಬರಬಾರದು.

ಮೇಸ್ತ್ರಿ ಮಾತಿನಂತೆ ಟೈಲ್ಸೇ ಆದರೆ ಒಂದು ಲೆಕ್ಕ ತಿಳ್ಕೊಂಡಿರಿ. ಎರಡಡಿ ಟೈಲ್ಸ್ ಅಂದರೂ ನಿಜಕ್ಕೆ 600 ಮಿಲಿಮೀಟರ್. ಪೂರ್ತಿ ನಾಲ್ಕಿಂಚಿಗೆ ಕತ್ತರಿಸಿದರೆ ಐದೇ ಪಟ್ಟಿ ಬರುತ್ತೆ, ಆರನೇದು ಬ್ಲೇಡಿಗೆ ಹೋಗಿದ್ದು ಕಳೆದು ಮೂರು ಇಂಚಿಗೆ ನಿಲ್ಲುತ್ತೆ. 95 ಮಿಲಿಮೀಟರ್ ಇಟ್ಟುಕೊಂಡರೆ ಆರು ಪಟ್ಟಿ ಬರುತ್ತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಆ ಆರರಲ್ಲಿ ಫ್ಯಾಕ್ಟರಿ ಅಂಚು ಇರೋದು ಎರಡಕ್ಕೆ ಮಾತ್ರ. ಉಳಿದ ನಾಲ್ಕರ ಮೇಲಂಚನ್ನ ಉಜ್ಜಿ ನಯ ಮಾಡಲೇಬೇಕು, ಇಲ್ಲಾಂದರೆ ಒರೆಸುವಾಗ ಕೈ ಕುಯ್ಯುತ್ತೆ. ಮೇಲೆ ಮಾತ್ರ ಬಣ್ಣದ ಲೇಪ ಇರೋ ಗ್ಲೇಜ್ ಟೈಲ್ಸಾದರೆ ಒಳಗಿನ ಬೇರೆ ಬಣ್ಣವೂ ಅಲ್ಲಿ ಕಾಣುತ್ತೆ, ಅಲ್ಲಿಗೆ ಟೈಲ್ಸಿನ ಮೇಲಿನ ಬಣ್ಣಕ್ಕೆ ಹೊಂದೋ ಎಪಾಕ್ಸಿ (ಗಟ್ಟಿಯಾಗೋ ರಾಳದ ಅಂಟು) ಹಚ್ಚಿಸಿ. ಪಟ್ಟಿಯ ಸಂದು ನೆಲದ ಸಂದಿಗೆ ನೇರ ಬರಲಿ ಅಂತ ಮೊದಲೇ ಹೇಳಿ, ಆಮೇಲೆ ಹೇಳಿ ಪ್ರಯೋಜನ ಇಲ್ಲ.

ಅಳತೆಗೆ ಉದಾಹರಣೆ: 12×14 ರೂಮಿನ ಸುತ್ತಳತೆ 52 ಅಡಿ, ಮೂರಡಿಯ ಎರಡು ಬಾಗಿಲು ಕಳೆದರೆ 46. ಮೂಲೆ ಕಟಿಂಗಿಗೆ ನೂರಕ್ಕೆ ಹತ್ತು ಸೇರಿಸಿ 51 ಅಡಿ. ಎಂಟಡಿ ಪಟ್ಟಿಯಾದರೆ ಏಳು ತರಿಸಿ. ಕೂಲಿಯನ್ನ ರನ್ನಿಂಗ್ ಫೂಟ್ (ಪಟ್ಟಿಯ ಉದ್ದದ ಅಡಿ) ಲೆಕ್ಕದಲ್ಲಿ ಮಾತಾಡಿ, ಅಂಚು ಉಜ್ಜೋದೂ ಅದರಲ್ಲೇ ಸೇರಿದೆಯಾ ಅಂತ ಕೇಳಿಕೊಳ್ಳಿ. ಗೋಡೆಯ ಕೊನೆ ಕೋಟ್ ಪೇಂಟ್ ಮಾತ್ರ ಸ್ಕರ್ಟಿಂಗ್ ಆದ ಮೇಲೇ ಹೊಡೆಸಿ, ಪಟ್ಟಿಯ ಮೇಲಂಚಿಗೆ ಟೇಪ್ ಹಾಕಿಸಿ.