ಶ್ರೀಲಂಕಾದಿಂದ ತಂದ ಚಹಾ ಮನೆಯಲ್ಲಿ ಸಪ್ಪೆ ಯಾಕೆ?

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಶಾಲಾ ಶಿಕ್ಷಕಿ. ಬರುವ ಫೆಬ್ರವರಿಯಲ್ಲಿ ನಾವು ಎಂಟು ಜನ ಶ್ರೀಲಂಕಾ ಪ್ರವಾಸಕ್ಕೆ ಹೊರಟಿದ್ದೇವೆ. ಹೋದ ವರ್ಷ ನನ್ನ ತಂಗಿ ಅಲ್ಲಿಂದ ಚಂದದ ಡಬ್ಬಿಯಲ್ಲಿ ಚಹಾ ತಂದಿದ್ದಳು. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದರೆ ಬಣ್ಣವೂ ಬರಲಿಲ್ಲ, ರುಚಿಯೂ ಬರಲಿಲ್ಲ. ನಕಲಿ ಮಾಲು ಕೊಟ್ಟಿದ್ದಾರೆ ಅಂತ ಮನೆಯವರೆಲ್ಲ ಅಂದರು. ಈ ಸಲ ಮೋಸ ಹೋಗದ ಹಾಗೆ ಒಳ್ಳೆಯ ಚಹಾ ಆರಿಸುವುದು ಹೇಗೆ?

ಉತ್ತರ: ಅಕ್ಕೋರೆ, ತಂಗಿ ತಂದ ಚಹಾ ಬಹುಶಃ ಅಸಲಿಯೇ. ಬೆಳಗಾವಿಯ ನನ್ನ ಅಂಗಡಿಗೆ ಇದೇ ದೂರು ಹೊತ್ತುಕೊಂಡು ಎಷ್ಟೋ ಜನ ಬರುತ್ತಾರೆ. ಡಬ್ಬಿ ತೆರೆದು ನೋಡಿದರೆ ಹೆಚ್ಚಿನ ಸಲ ಒಳಗೆ ಒಳ್ಳೆಯ ಎಲೆಯೇ ಇರುತ್ತದೆ. ಮಾಡುವ ರೀತಿ ಮಾತ್ರ ಅದಕ್ಕೆ ಹೊಂದಿರುವುದಿಲ್ಲ.

ನಾವು ದಿನಾ ಕುಡಿಯುವ ಚಹಾಪುಡಿ ಸಿಟಿಸಿ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತಾರೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ ಇದು. ಹಾಲಿನಲ್ಲಿ ಎಷ್ಟು ಕುದಿಸಿದರೂ ಖಡಕ್ ಆಗಿಯೇ ಇರುತ್ತದೆ. ಶ್ರೀಲಂಕಾದಲ್ಲಿ ಬಹುಪಾಲು ಹಳೆಯ ಪದ್ಧತಿ, ಅಂದರೆ ಆರ್ಥೊಡಾಕ್ಸ್. ಎಲೆಯನ್ನು ಬಾಡಿಸಿ, ನಿಧಾನಕ್ಕೆ ಹೊಸೆದು, ಒಣಗಿಸುತ್ತಾರೆ. ಅದರ ಗುಣವೆಲ್ಲ ಪರಿಮಳದಲ್ಲಿದೆ. ಶುಂಠಿ ಹಾಕಿ ಹತ್ತು ನಿಮಿಷ ಕುದಿಸಿದರೆ ಆ ಪರಿಮಳ ಆವಿಯ ಜೊತೆ ಹೋಗಿಬಿಡುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ಈ ಚಹಾವನ್ನು ಮನೆಯಲ್ಲಿ ಯಾರು ಕುಡಿಯುತ್ತಾರೆ, ಹೇಗೆ ಕುಡಿಯುತ್ತಾರೆ? ಹಾಲು ಹಾಕಿಯೇ ಕುಡಿಯುವವರಿಗಾದರೆ ಬಿಒಪಿಎಫ್ ಅಥವಾ ಡಸ್ಟ್ ಅನ್ನುವ ಸಣ್ಣ ಎಲೆಯ ಚಹಾ ಕೇಳಿ. ದಕ್ಷಿಣದ ರುಹುಣ ಕಡೆಯ ಚಹಾ ಎರಡು ಸಾವಿರ ಅಡಿಗಿಂತ ಕೆಳಗೆ ಬೆಳೆಯುತ್ತದೆ. ಬಣ್ಣ ಗಾಢ, ರುಚಿ ದಪ್ಪ. ಗಾಲ್ ನೋಡಲು ಹೋಗುತ್ತೀರಿ ಅಲ್ವಾ? ಅದು ಆ ಕಡೆಯದೇ. ಹಾಲಿಲ್ಲದೆ ಕುಡಿಯುವವರು ಇದ್ದರೆ ನುವಾರ ಎಲಿಯದ್ದು ತನ್ನಿ. ಆರು ಸಾವಿರ ಅಡಿಗೂ ಮೇಲಿನ ಊರು ಅದು. ಚಹಾದ ಬಣ್ಣ ತಿಳಿ ಬಂಗಾರ, ಪರಿಮಳ ಹೂವಿನದು. ಅದಕ್ಕೆ ಹಾಲು ಹಾಕಬೇಡಿ, ದಯವಿಟ್ಟು.

ನೀವು ಹೋಗುವ ತಿಂಗಳು ಚೆನ್ನಾಗಿದೆ. ಜನವರಿಯಿಂದ ಮಾರ್ಚ್‌ವರೆಗೆ ದಿಂಬುಲ, ನುವಾರ ಎಲಿಯ ಕಡೆ ಒಣ ಗಾಳಿ ಬೀಸುತ್ತದೆ, ಆಗಲೇ ಅಲ್ಲಿಯ ಉತ್ತಮ ಎಲೆ ಬರುವುದು. ಊವ ಪ್ರಾಂತ್ಯದ್ದು ಒಳ್ಳೆಯದಾಗುವುದು ಜುಲೈನಿಂದ ಸೆಪ್ಟೆಂಬರ್. ಎರಡರಲ್ಲಿ ಒಂದು ಅಂತಾದರೆ ಫೆಬ್ರವರಿಯಲ್ಲಿ ನಾನು ದಿಂಬುಲದ್ದನ್ನು ತೆಗೆದುಕೊಳ್ಳುತ್ತೇನೆ.

ಡಬ್ಬಿಯ ಮೇಲಿನ ಅಕ್ಷರಗಳಿಗೆ ಹೆದರಬೇಡಿ. ಒಪಿ, ಬಿಒಪಿ, ಬಿಒಪಿಎಫ್ ಅಂದರೆ ಎಲೆಯ ಗಾತ್ರ, ಅಷ್ಟೇ. ಕಾರ್ಖಾನೆಯಲ್ಲಿ ಜರಡಿ ಹಿಡಿದು ಬೇರೆ ಮಾಡುತ್ತಾರೆ. ದಪ್ಪ ರವೆ, ಸಣ್ಣ ರವೆ ಇದ್ದ ಹಾಗೆ. ರವೆ ಸಣ್ಣಗಿದ್ದ ಮಾತ್ರಕ್ಕೆ ಗೋಧಿ ಒಳ್ಳೆಯದು ಅಂತ ಆಗುವುದಿಲ್ಲ. ಅದರಲ್ಲಿ ‘ಒ’ ಅಂದರೆ ‘ಆರೆಂಜ್’, ಆದರೆ ಆ ಪದಕ್ಕೂ ಕಿತ್ತಳೆ ಹಣ್ಣಿಗೂ ಸಂಬಂಧವಿಲ್ಲ. ನೋಡಬೇಕಾದ ಗುರುತು ಕತ್ತಿ ಹಿಡಿದ ಸಿಂಹ. ಅದು ಶ್ರೀಲಂಕಾ ಚಹಾ ಮಂಡಳಿಯದು. ಪೂರ್ತಿ ಅಲ್ಲಿಯದೇ ಚಹಾ, ಅಲ್ಲಿಯೇ ಪ್ಯಾಕ್ ಆದದ್ದು ಇದ್ದರೆ ಮಾತ್ರ ಆ ಸಿಂಹ ಹಾಕುವ ಹಕ್ಕು. ಆಮೇಲೆ ಪ್ಯಾಕ್ ಮಾಡಿದ ತಾರೀಖು ನೋಡಿ. ಮುಗಿಯುವ ತಾರೀಖು ಎರಡು ಮೂರು ವರ್ಷ ಮುಂದೆ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನು ಎಲೆ. ನಿಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಕೊಳ್ಳುವವರನ್ನು ನೋಡಿದ್ದೀರಿ. ಒಂದು ಹಿಡಿ ತೆಗೆದು, ಬಿಸಿಲಿಗೆ ಹಿಡಿದು, ಒಂದನ್ನು ಒತ್ತಿ, ಬಾಯಿಗೆ ಹಾಕಿಕೊಂಡ ಮೇಲೆಯೇ ರೇಟಿನ ಮಾತು. ಚಹಾ ಅಂಗಡಿಯಲ್ಲೂ ಹಾಗೇ ಮಾಡಿ. ಮಾದರಿ ಎಲೆಯನ್ನು ಅಂಗೈಯಲ್ಲಿ ಹಾಕಿಸಿಕೊಳ್ಳಿ. ಬಣ್ಣ ಕಪ್ಪು, ಸ್ವಲ್ಪ ಹೊಳಪು ಇರಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ ಜರಡಿಯಲ್ಲಿ ಜಾಸ್ತಿ ತಿಕ್ಕಿ ಹೋಗಿದೆ ಅಂತ ಅರ್ಥ. ಕೆಂಪು ನಾರು, ಕಡ್ಡಿ ಕಂಡರೆ ಬಿಡಿ. ಆಮೇಲೆ ಮುಷ್ಟಿ ಮುಚ್ಚಿ, ಒಳಗೆ ಒಮ್ಮೆ ಬಿಸಿ ಉಸಿರು ಊದಿ, ತಕ್ಷಣ ಮೂಸಿ. ತಾಜಾ ಎಲೆ ಆ ಬಿಸಿಗೆ ಎಚ್ಚರವಾಗುತ್ತದೆ. ಹಳೆಯದಾದರೆ ಮುಚ್ಚಿಟ್ಟ ಕಪಾಟಿನ ವಾಸನೆ. ತೋಟದ ಕಾರ್ಖಾನೆಗಳಲ್ಲಿ ಕುಡಿದು ನೋಡಲೂ ಕೊಡುತ್ತಾರೆ, ನಾಚಿಕೆ ಪಡದೆ ಕೇಳಿ.

ಮೊದಲ ಸಲ ಕ್ಯಾಂಡಿಗೆ ಹೋದಾಗ ನಾನು ಕೆತ್ತನೆಯ ಮರದ ಪೆಟ್ಟಿಗೆ ನೋಡಿ ಮರುಳಾದೆ. ಮನೆಗೆ ಬಂದು ತೆರೆದರೆ ಚಹಾಕ್ಕೆಲ್ಲ ವಾರ್ನಿಶ್ ವಾಸನೆ. ಅವತ್ತಿನಿಂದ ಒಳಗೆ ಫಾಯಿಲ್ ಇರುವ ಸಾದಾ ಪೊಟ್ಟಣವನ್ನೇ ತರುತ್ತೇನೆ. ಚಹಾ ಯಾವ ವಾಸನೆಯನ್ನೂ ಬಿಡುವುದಿಲ್ಲ, ಎಲ್ಲ ಹೀರುತ್ತದೆ. ಮಾತಳೆ ಕಡೆಯ ಮಸಾಲೆ ತೋಟಕ್ಕೆ ನಿಮ್ಮನ್ನು ಕರೆದೊಯ್ಯುತ್ತಾರೆ, ನೀವು ಲವಂಗ, ದಾಲ್ಚಿನ್ನಿ ಕೊಳ್ಳುತ್ತೀರಿ. ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಊರಿಂದಲೇ ಒಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ, ಚಹಾದ ಪೊಟ್ಟಣಗಳಿಗೆ. ಮನೆಯಲ್ಲೂ ಮಸಾಲೆ ಡಬ್ಬಿ, ಊದಿನಕಡ್ಡಿಯಿಂದ ದೂರ ಇಡಿ. ಒಂದು ಕಿಲೋ ಒಂದೇ ಬಗೆ ತರುವ ಬದಲು ನೂರು ನೂರು ಗ್ರಾಮಿನ ಮೂರು ಬಗೆ ತನ್ನಿ.

ಕೊನೆಗೆ ನೀರು. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಚಹಾ ಸಪ್ಪೆಯಾಗಲು ಇದೂ ಕಾರಣ ಇರಬಹುದು. ನಮ್ಮ ಕಡೆ ಎಷ್ಟೋ ಬೋರ್‌ವೆಲ್ಲಿನ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಚಹಾದ ಸತ್ವದ ಜೊತೆ ಸೇರಿ ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಶಾಲೆಯಲ್ಲಿ ಪ್ರಯೋಗ ಮಾಡಿಸಿದ ಹಾಗೆ ಮಾಡಿ ನೋಡಿ: ಒಂದು ಕಪ್ ಬೋರ್ ನೀರು, ಒಂದು ಕಪ್ ಫಿಲ್ಟರ್ ನೀರು. ಎರಡಕ್ಕೂ ಒಂದೊಂದು ಚಮಚ ಅದೇ ಚಹಾ, ಹಾಲಿಲ್ಲದೆ. ನೀರು ಚೆನ್ನಾಗಿ ಕುದಿದ ಮೇಲೆ ಒಲೆಯಿಂದ ಇಳಿಸಿ, ಎಲೆ ಹಾಕಿ, ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಎರಡು ಬೇರೆ ಬೇರೆ ಚಹಾ ಅನ್ನಿಸಿದರೆ ಆಶ್ಚರ್ಯ ಬೇಡ. ಬೋರ್ ನೀರಿನ ಕಪ್ಪಿಗೆ ಇಂಡಿ ನಿಂಬೆ ನಾಲ್ಕು ಹನಿ ಹಿಂಡಿ, ಬಣ್ಣ ಕಣ್ಣೆದುರೇ ತಿಳಿಯಾಗುತ್ತದೆ. ತಂಗಿ ತಂದದ್ದು ಇನ್ನೂ ಉಳಿದಿದ್ದರೆ ಪ್ರವಾಸಕ್ಕೆ ಮೊದಲು ಅದರಲ್ಲೇ ಮಾಡಿ. ಸಿಹಿ ಬೇಕಾದರೆ ಶ್ರೀಲಂಕಾದವರ ಹಾಗೆ ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡು ಕುಡಿಯಿರಿ.

ಪ್ರಶ್ನೆ: ಮಗಳು ಜಪಾನಿನ ಕ್ಯೋಟೋದಿಂದ ರಜೆಗೆ ಬರುತ್ತಿದ್ದಾಳೆ. ಹೋದ ಸಲ ತಂದ ಗ್ರೀನ್ ಟೀ ವಿಪರೀತ ಕಹಿ. ಏನು ತರಲು ಹೇಳಲಿ? (ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ಕಹಿ ಬಂದದ್ದು ಕುದಿಯುವ ನೀರಿನಿಂದ. ಸೆಂಚಾ ಅನ್ನುವ ಎಲೆಗೆ 70ರಿಂದ 80 ಡಿಗ್ರಿ ನೀರು ಸಾಕು. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಒಂದು ಕಪ್ಪಿನಿಂದ ಇನ್ನೊಂದಕ್ಕೆ ಸುರಿಯಿರಿ, ಒಂದು ಸಲ ಸುರಿದರೆ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ. ಎರಡು ಮೂರು ಸಲ ಸುರಿದು ಎಲೆಗೆ ಹಾಕಿ, ಒಂದು ನಿಮಿಷ ಸಾಕು.

ಮೇ ತಿಂಗಳಲ್ಲಿ ಬರುವುದಾದರೆ ಉಜಿಯ ಹೊಸ ಎಲೆ, ಶಿಂಚಾ, ತರಲು ಹೇಳಿ. ಉಜಿ ಕ್ಯೋಟೋದ ಪಕ್ಕದಲ್ಲೇ ಇದೆ. ಸಣ್ಣ ಪೊಟ್ಟಣ ಸಾಕು, ತೆರೆದ ಮೇಲೆ ತಿಂಗಳೊಳಗೆ ಮುಗಿಸಬೇಕು. ಆದರೆ ಮನೆಮಂದಿಗೆಲ್ಲ ಅಂತಾದರೆ ನನ್ನ ಮಾತು ಕೇಳಿ, ಹೋಜಿಚಾ ತರಿಸಿ. ಹುರಿದ ಎಲೆ ಅದು, ಶೇಂಗಾ ಹುರಿದಾಗ ಬರುವಂಥ ಘಮ. ಕುದಿಯುವ ನೀರು ಹಾಕಿದರೂ ಕಹಿಯಾಗುವುದಿಲ್ಲ, ಹಾಲಿಗೂ ಹೊಂದುತ್ತದೆ. ಹುರಿದ ಅಕ್ಕಿ ಬೆರೆಸಿದ ಗೆನ್ಮೈಚಾ ಕೂಡ ಸಿಗುತ್ತದೆ. ಅದರಲ್ಲಿ ಚುರುಮುರಿಯಂತೆ ಅರಳಿದ ಕಾಳು ಕಂಡು ಮಕ್ಕಳು ಖುಷಿ ಪಡುತ್ತಾರೆ.

ಪ್ರಶ್ನೆ: ಲಂಡನ್ನಿನಲ್ಲಿರುವ ತಮ್ಮ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಚಹಾ ತರಲಾ ಅಂತ ಕೇಳುತ್ತಿದ್ದಾನೆ. (ಓದುಗರೊಬ್ಬರು, ಗೋಕಾಕ)

ಉತ್ತರ: ಬೇಡ ಅನ್ನಿ. ಇಂಗ್ಲೆಂಡಿನಲ್ಲಿ ಚಹಾ ಬೆಳೆಯುವುದು ತೀರಾ ಕಡಿಮೆ. ಆ ಮಿಶ್ರಣದಲ್ಲಿ ಸಾಮಾನ್ಯವಾಗಿ ಇರುವುದು ಅಸ್ಸಾಂ, ಕೀನ್ಯಾ, ಶ್ರೀಲಂಕಾದ ಎಲೆ. ಅಸ್ಸಾಂ ಎಲೆ ನಮ್ಮಲ್ಲಿಯೇ ಸಿಗುತ್ತದೆ, ಕಡಿಮೆ ದುಡ್ಡಿಗೆ. ತಮ್ಮ ಊರಿಗೆ ಬಂದು ವಾಪಸ್ ಹೋಗುವಾಗ ಕರದಂಟಿನ ಜೊತೆ ಕಾಲು ಕಿಲೋ ಒಳ್ಳೆಯ ಅಸ್ಸಾಂ ಕಟ್ಟಿಕೊಡಿ. ಬೇರೆ ಬೇರೆ ಚೀಲದಲ್ಲಿ.