ಸೋಯಾ ಹಾಲು ಕುಡಿದ್ರೆ ಹಾರ್ಮೋನ್ ಏರುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 53, ಮುಟ್ಟು ನಿಂತು ಎರಡು ವರ್ಷ ಆಯ್ತು. ರಾತ್ರಿ ಇದ್ದಕ್ಕಿದ್ದಂಗೆ ಮೈ ಬಿಸಿಯಾಗಿ ನೈಟಿ ಎಲ್ಲ ಒದ್ದೆ ಆಗುತ್ತೆ. ಪುಣೆಲಿರೋ ಸೊಸೆ ಸೋಯಾ ಹಾಲು ಕುಡೀರಿ ಅತ್ತೆ, ಹಾರ್ಮೋನ್ ಬರುತ್ತೆ ಅಂದ್ಲು, ಸರಿ ಅಂತ ಮೂರು ತಿಂಗಳಿಂದ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಕೂಡ್ಲೇ ಒಂದು ಲೋಟ ಕುಡೀತಿದೀನಿ. ಪಕ್ಕದ ಮನೆ ವಹಿನಿ ಎದೇಲಿ ಗಂಟಾಗುತ್ತೆ ಅಂತ ಹೆದರಿಸ್ತಾರೆ. ರಿಪೋರ್ಟಲ್ಲಿ ಎಸ್ಟ್ರಾಡಯೋಲ್ ಕಮ್ಮಿನೇ ಇದೆ, ಎಫ್‌ಎಸ್‌ಎಚ್ 70, ಟಿಎಸ್‌ಎಚ್ ಕೂಡ ಈ ಸಲ ಏರಿದೆ. ಏನ್ ಮಾಡ್ಲಿ?
– ಓದುಗರು, ಡೊಂಬಿವಲಿ

ಉತ್ತರ: ನೀವು ಕೇಳಿದ್ದು ಹಾರ್ಮೋನ್ ಬಗ್ಗೆ, ನನ್ನ ಕಣ್ಣಿಗೆ ಬಿದ್ದಿದ್ದು ಆ ಮಾತ್ರೆ! ಸೋಯಾ ಜೊತೆ ತಗೊಂಡ್ರೆ ಥೈರಾಯ್ಡ್ ಮಾತ್ರೆ ಹೊಟ್ಟೇಲಿ ಸರಿಯಾಗಿ ಹೀರ್ಕೊಳ್ಳಲ್ಲ, ಟಿಎಸ್‌ಎಚ್ (ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರೋ ಹಾರ್ಮೋನ್) ಏರೋಕೆ ಇದೇ ಕಾರಣ ಇರಬಹುದು. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ, ಸೋಯಾ ಹಾಲು ಸಂಜೆಗೆ. ಕ್ಯಾಲ್ಸಿಯಂ ಮಾತ್ರೆ ಇದ್ರೆ ಅದಕ್ಕೂ 4 ಗಂಟೆ ಗ್ಯಾಪ್ ಕೊಡಿ. ನಿಮಗೆ ನೀವೇ ಡೋಸ್ ಜಾಸ್ತಿ ಮಾಡ್ಕೋಬೇಡಿ.

ಇನ್ನು ಹಾರ್ಮೋನ್. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆ ಎಸ್ಟ್ರಾಡಯೋಲ್, ಅಂದ್ರೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ಮುಖ್ಯ ರೂಪ, ಇಳಿಯುತ್ತೆ, ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಮಾತ್ರ ಏಳಮ್ಮ ಏಳಮ್ಮ ಅಂತ ಕೂಗ್ತಾನೇ ಇರುತ್ತೆ, ಆ ಕೂಗೇ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್, ನಿಮ್ಮದು 70, ಈ ವಯಸ್ಸಿಗೆ ಅದು ಕಾಯಿಲೆ ಅಲ್ಲ. ಸೋಯಾದಲ್ಲಿರೋ ಐಸೋಫ್ಲೇವೋನ್‌ಗಳು ಈಸ್ಟ್ರೋಜನ್ ಥರ ಕಾಣ್ತಾವೆ ಅಷ್ಟೇ, ಜೀವಕೋಶದ ಬಾಗಿಲು ಸ್ವಲ್ಪ ತಟ್ತಾವೆ, ಅಂಡಾಶಯಾನ ಎಬ್ಬಿಸಲ್ಲ. 47 ಅಧ್ಯಯನ ಒಟ್ಟಿಗೆ ನೋಡಿ 2009ರಲ್ಲಿ ಬಂದ ಒಂದು ವಿಮರ್ಶೇಲಿ, ಮುಟ್ಟು ನಿಂತವರಲ್ಲಿ ಸೋಯಾದಿಂದ ಎಸ್ಟ್ರಾಡಯೋಲ್ ಆಗ್ಲಿ ಎಫ್‌ಎಸ್‌ಎಚ್ ಆಗ್ಲಿ ಹೇಳ್ಕೊಳ್ಳೋ ಅಷ್ಟು ಬದಲಾಗಿರಲಿಲ್ಲ. ಹಾಗಾಗಿ ಹಾಲು ಕೆಲಸ ಮಾಡ್ತಾ ಅಂತ ನೋಡೋಕೆ ಮತ್ತೆ ಮತ್ತೆ ಹಾರ್ಮೋನ್ ಟೆಸ್ಟಿಗೆ ದುಡ್ಡು ಸುರೀಬೇಡಿ.

ಬೆವರು ಕಮ್ಮಿ ಆಗುತ್ತಾ? ಕೆಲವರಿಗೆ ಸ್ವಲ್ಪ ಆಗುತ್ತೆ, ತುಂಬಾ ಜನಕ್ಕೆ ಏನೂ ಆಗಲ್ಲ. ಸೋಯಾದಲ್ಲಿರೋ ಡೈಡ್ಜೀನ್ ಅನ್ನೋ ಐಸೋಫ್ಲೇವೋನ್‌ನ ಇನ್ನೂ ಜೋರಾಗಿ ಕೆಲಸ ಮಾಡೋ ಈಕ್ವಾಲ್ ಆಗಿ ಬದಲಾಯಿಸೋ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇರಲ್ಲ, ಬೇರೆ ಯಾರಿಗೋ ಗುಣ ಆಯ್ತು ಅಂದ್ರೆ ನಿಮಗೂ ಆಗ್ಬೇಕು ಅಂತೇನಿಲ್ಲ. ನಿದ್ದೇನೇ ಕೆಡೋ ಅಷ್ಟು ತೊಂದರೆ ಇದ್ರೆ ಸ್ತ್ರೀರೋಗ ತಜ್ಞರ ಹತ್ರ ಹೋಗಿ, ಅದಕ್ಕೆ ಬೇರೆ ಒಳ್ಳೆ ಔಷಧಿ ಇದಾವೆ.

ವಹಿನಿಗೆ ಹೇಳಿ, ಊಟದಲ್ಲಿ ಸೋಯಾ ತಿಂದವರಿಗೆ ಸ್ತನ ಕ್ಯಾನ್ಸರ್ ಜಾಸ್ತಿ ಆಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಐಸೋಫ್ಲೇವೋನ್ ಕ್ಯಾಪ್ಸೂಲ್ ಬೇರೆ ವಿಷಯ, ಅದನ್ನ ಕೇಳ್ದೆ ತಗೋಬೇಡಿ, ಅದ್ರಲ್ಲೂ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ರೆ. ಪ್ರೋಟೀನಿಗೆ ಅಂತಾದ್ರೆ ಗೋಧಿ ಜೊತೆ ಸ್ವಲ್ಪ ಸೋಯಾ ಗಿರಣೀಲಿ ಬೀಸಿಸಿ ಚಪಾತಿ ಮಾಡಿ, ಸಿಹಿ ಹಾಕಿದ ಪ್ಯಾಕೆಟ್ ಸೋಯಾ ಹಾಲಿಗಿಂತ ವಾಸಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡ್ರೂ ಸೋಯಾ ಮೇಲೆ ಹಾಕಿ ಸುಮ್ನಿರಬೇಡಿ, ತಕ್ಷಣ ತೋರಿಸಿ.

ಮಾತ್ರೆ ಟೈಮ್ ಸರಿ ಮಾಡಿ 6–8 ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ಮಾಡಿಸಿ, ಆಮೇಲೆ ಬರೀರಿ.